ತೋಟದಲ್ಲಿ 'ಸ್ವೆಟ್ ಲಾಡ್ಜ್' ಮಾಡ್ತಾರಂತೆ, ಬಾಡಿಗೆಗೆ ಕೊಡಬಹುದಾ?

ತೋಟದಬದು:
ಶ್ರೀರಂಗಪಟ್ಟಣದ ಹತ್ತಿರದ ತೋಟವನ್ನು ಮೈಸೂರಿನ ಯೋಗ ಶಿಬಿರವೊಂದು ಮಾರ್ಚ್ ಕೊನೆಗೆ ಕೇಳುತ್ತಿದೆ. ಅಮೆರಿಕದ ಲಕೋಟಾ ಬುಡಕಟ್ಟಿನ ವಿಧಿಯಂತೆ, ಗುಡಾರದಲ್ಲಿ ಕಾದ ಕಲ್ಲಿಗೆ ನೀರು ಹಾಕಿ ಬೆವರುವುದು. 40 ಜನ, ಟಿಕೆಟ್ ಇದೆ. ಕಲ್ಲು ಹೊಳೆಯಿಂದ, ಹೊದಿಕೆಗೆ ಪ್ಲಾಸ್ಟಿಕ್ ಟಾರ್ಪಾಲು. ಒಪ್ಪಬಹುದಾ?

ಕರಿಕಲ್ಲು:
ಹೊಳೆ ಕಲ್ಲು ಬೇಡವೇ ಬೇಡ. ಸಂದಿನಲ್ಲಿ ಕೂತ ನೀರು ಆವಿಯಾಗಿ, ಹೊರಬರಲು ದಾರಿ ಸಿಗದೆ ಕಲ್ಲನ್ನೇ ಸಿಡಿಸುತ್ತದೆ. ಚಾಮುಂಡಿ ಬೆಟ್ಟದಂಥ ಗ್ರಾನೈಟೂ ಆಗದು. ಅದರ ಬೆಣಚು 573 ಡಿಗ್ರಿ ಹತ್ತಿರ ತಟಕ್ಕನೆ ಹಿಗ್ಗಿ ಚಕ್ಕೆ ಏಳುತ್ತದೆ. ಚಾಮರಾಜನಗರ ಕಡೆಯ ಕರಿಕಲ್ಲು, ಅಂದರೆ ಡಾಲರೈಟ್, ವಾಸಿ. ಸುತ್ತಿಗೆಯಲ್ಲಿ ತಟ್ಟಿ ನೋಡಿ: ಠಣ್ ಅಂದರೆ ಇಟ್ಟುಕೊಳ್ಳಿ, ಬೊದ್ದು ಸದ್ದು ಬಂದರೆ ಒಳಗೆ ಬಿರುಕಿದೆ.

ಒಳಗೆ ಒಯ್ಯುವ ಮೊದಲು ಅಂಟಿದ ಕೆಂಡವನ್ನೆಲ್ಲ ಕೊಡವಬೇಕು. ಮುಚ್ಚಿದ ಗುಡಾರದಲ್ಲಿ ಕೆಂಡ ಉಳಿದರೆ ಕಾರ್ಬನ್ ಮಾನಾಕ್ಸೈಡ್, ವಾಸನೆಯೂ ಬರಲ್ಲ. ಸೌದೆಗೆ ಒಣ ಜಾಲಿ ಸರಿ. ಪೇಂಟ್ ಬಳಿದ ಹಲಗೆ, ಕಣಗಿಲೆ ಹತ್ತಿರ ಸೇರಿಸಬೇಡಿ.

ತಂಪುನೀರು:
2009ರಲ್ಲಿ ಅರಿಜೋನಾದ ಸೆಡೋನಾ ಬಳಿ ಜೇಮ್ಸ್ ಆರ್ಥರ್ ರೇ ಎಂಬ ಶಿಬಿರ ಗುರು ಹೀಗೇ 50ಕ್ಕೂ ಹೆಚ್ಚು ಜನರನ್ನು ತುಂಬಿ ಕೂರಿಸಿದ್ದ. ಅದಕ್ಕೂ ಮೊದಲು ಅವರಿಗೆ ಅನ್ನ ನೀರಿಲ್ಲದ ವ್ರತ ಬೇರೆ. ಮೂವರು ಸತ್ತರು, 2011ರಲ್ಲಿ ಅವನಿಗೆ ಜೈಲಾಯಿತು.

ಆವಿ ತುಂಬಿದ ಕಡೆ ಬೆವರು ಸುರಿಯುತ್ತದೆ, ಆರುವುದಿಲ್ಲ. ಹಾಗಾಗಿ ಮೈ ತಣಿಯುವುದಿಲ್ಲ. ಮಾತು ತೊದಲಿದರೆ, ಅಸಂಬದ್ಧವಾದರೆ ಕೂಡಲೇ ಹೊರಗೆಳೆದು ಮೈಮೇಲೆ ತಣ್ಣೀರು ಸುರಿಯಿರಿ, 108ಕ್ಕೆ ಫೋನ್ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಬಿಡಬೇಡಿ. 'ಧ್ಯಾನಕ್ಕೆ ಇಳಿದಿದ್ದಾರೆ' ಅಂತ ಬಿಟ್ಟುಬಿಡುವುದೇ ದೊಡ್ಡ ಅಪಾಯ. ಬಸುರಿಯರು, ಹೃದ್ರೋಗಿಗಳು, ಬಿಪಿ ಮಾತ್ರೆಯವರು, ಕುಡಿದವರು ಒಳಗೆ ಬೇಡ. ಪ್ಲಾಸ್ಟಿಕ್ ಬದಲು ಕ್ಯಾನ್ವಾಸ್, ಕಂಬಳಿ.

ಹಕ್ಕುಬಾಧ್ಯತೆ:
ಲಕೋಟಾ ಹೆಸರು ಹಾಕಿದ್ದಾರಲ್ಲ, ಕಲಿಸಿದವರು ಯಾರು, ನಡೆಸಲು ಒಪ್ಪಿಗೆ ಕೊಟ್ಟವರು ಯಾರು ಕೇಳಿ. ಅವರ ಇನಿಪಿ, ಅಂದರೆ ಈ ಬೆವರುವ ವಿಧಿ, ದುಡ್ಡಿಗೆ ಮಾರುವಂಥದ್ದಲ್ಲ. ಅಮೆರಿಕ ಸರ್ಕಾರ ದಶಕಗಳ ಕಾಲ ಆ ಜನರ ಆಚರಣೆಗಳನ್ನು ಹತ್ತಿಕ್ಕಿ, 1978ರಲ್ಲಷ್ಟೇ ಕಾಯ್ದೆಯ ರಕ್ಷಣೆ ಕೊಟ್ಟಿದ್ದು. 1993ರಲ್ಲಿ ಲಕೋಟಾ, ಡಕೋಟಾ, ನಕೋಟಾ ಜನ ತಮ್ಮ ವಿಧಿಗಳನ್ನು ಮಾರಿಕೊಳ್ಳುವವರ ಮೇಲೆ 'ಯುದ್ಧ' ಸಾರುವ ಘೋಷಣೆಯನ್ನೇ ಹೊರಡಿಸಿದರು. ನಮ್ಮ ಮಂಡ್ಯದ ಕೊಂಡವನ್ನು ಯಾರೋ ಬರ್ಲಿನ್‌ನಲ್ಲಿ ಟಿಕೆಟ್ ಇಟ್ಟು ಹಾಯಿಸಿದರೆ ಊರಿನವರು ಸುಮ್ಮನಿರುತ್ತಾರಾ? ಬರೀ 'ಆವಿಸ್ನಾನ' ಅಂತ ಬೋರ್ಡ್ ಹಾಕಿದರೆ ನನ್ನ ತಕರಾರಿಲ್ಲ.

ತೋಟದಬದು:
ಹೊಳೆ ಕಲ್ಲು, ಟಾರ್ಪಾಲು, ಆ ಹೆಸರು ಮೂರೂ ಬೇಡ ಅಂತೀನಿ. ಎಷ್ಟು ಜನ ಕೂರಬಹುದು?

ತಂಪುನೀರು:
ಒಂದು ಗುಡಾರಕ್ಕೆ 12 ಮೀರದಿರಲಿ, ಒಂದೇ ಸಾಲು. ಎರಡನೇ ಸಾಲು ಇದ್ದರೆ ಹಿಂದಿನವರು ಕತ್ತಲಲ್ಲಿ ಕಲ್ಲಿನ ಗುಂಡಿ ಬಳಸಿಕೊಂಡು ಬಾಗಿಲಿಗೆ ತೆವಳಬೇಕಾಗುತ್ತದೆ. ಪ್ರತಿ ಸುತ್ತಿಗೂ ಬಾಗಿಲು ತೆರೆಯಲಿ, ಹೊರಗೊಬ್ಬರು ಕಾವಲಿರಲಿ.