15 ವರ್ಷ ತುಂಬಿದ ಬೈಕು ತಪಾಸಣೆಯಲ್ಲಿ ಪಾಸಾಗುತ್ತದೆಯೇ?

ಅಡಿಕೆತೋಟ:
ಅಪ್ಪನ ಹೀರೋ ಹೋಂಡಾ ಸ್ಪ್ಲೆಂಡರ್‌ಗೆ ಮುಂದಿನ ತಿಂಗಳು 15 ವರ್ಷ ತುಂಬುತ್ತದೆ. ಆರ್‌ಸಿ (ನೋಂದಣಿ ಪತ್ರ) ನವೀಕರಣಕ್ಕೆ ಗಾಡಿಯನ್ನು ಆರ್‌ಟಿಒ ಕಚೇರಿಗೆ ಒಯ್ದು ತೋರಿಸಬೇಕು. "ಪಾಸ್ ಮಾಡುವುದಿಲ್ಲ, ಗುಜರಿಗೆ ಹಾಕಿ" ಎಂದು ಊರಿನಲ್ಲಿ ಒಬ್ಬರು, "ಏಜೆಂಟರಿಗೆ ಕೊಡಿ, ಗಾಡಿಯನ್ನು ಯಾರೂ ನೋಡುವುದಿಲ್ಲ" ಎಂದು ಇನ್ನೊಬ್ಬರು. ಎರಡೂ ಮಾತು ನನಗೆ ಸರಿ ಬರಲಿಲ್ಲ. ಅಪ್ಪ ಈಗಿಲ್ಲ. ಈ ಗಾಡಿಯನ್ನು ಮಾರುವುದಿಲ್ಲ, ನೆಟ್ಟಗೆ ಓಡಿಸಬೇಕು. ಅನುಭವ ಇದ್ದವರು ಹೇಳಿ.

ರೋಡ್‌ಕಿಂಗ್84:
ಗುಜರಿಯ ಮಾತು ದೆಹಲಿಯಿಂದ ಬಂದದ್ದು. ಅಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ಹಸಿರು ನ್ಯಾಯಮಂಡಳಿ ಹೇರಿದ ನಿರ್ಬಂಧವನ್ನು ಜಾರಿಗೊಳಿಸಲು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಟಿವಿಯಲ್ಲಿ ನೋಡಿದವರು ಅದನ್ನೇ ನಮಗೂ ಅನ್ವಯಿಸಿಕೊಂಡರು. ಕರ್ನಾಟಕದಲ್ಲಿ ವಯಸ್ಸೊಂದನ್ನೇ ನೋಡಿ ಸ್ವಂತ ಬಳಕೆಯ ಬೈಕನ್ನು ತಿರಸ್ಕರಿಸುವುದಿಲ್ಲ. 15 ವರ್ಷ ತುಂಬಿದಾಗ ಮೊದಲ ನವೀಕರಣ, ಆಮೇಲೆ 5 ವರ್ಷಕ್ಕೊಮ್ಮೆ. ನನ್ನ ಯೆಜ್ಡಿ 1984ರದು, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದು. ಕಾರ್ಖಾನೆಗೆ 1996ರಲ್ಲಿ ಬೀಗ ಬಿತ್ತು, ಗಾಡಿ ಇನ್ನೂ ಓಡುತ್ತಿದೆ. 1999ರಿಂದ 2024ರವರೆಗೆ ಆರು ಸಲ ತೋರಿಸಿದ್ದೇನೆ, ಆರು ಸಲವೂ ಪಾಸಾಗಿದೆ.

ಶುಲ್ಕ ಮಾತ್ರ ಏರಿದೆ. ಮೊದಲು 300 ರೂಪಾಯಿ ಇತ್ತು, 2022ರ ಏಪ್ರಿಲ್‌ನಿಂದ 1000 ಆಯಿತು. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಬೈಕಿಗೆ 2000. ನಿಮಗೆ 1000 ಸಾಕು, ಜೊತೆಗೆ ಹಸಿರು ತೆರಿಗೆ ಇರುತ್ತದೆ. ಅವಧಿ ಮುಗಿಯುವ 60 ದಿನ ಮುಂಚಿನಿಂದಲೇ ಅರ್ಜಿ ಹಾಕಬಹುದು. ತಡವಾದರೆ ತಿಂಗಳಿಗೆ 300 ರೂಪಾಯಿ ದಂಡ.

ಕಾಲುದಾರಿ:
ಆರು ಸಲ ಪಾಸಾಯಿತು ಎಂದಿರಿ ಸರ್. ಆ ಆರು ಸಲದಲ್ಲಿ ಯಾರಾದರೂ ಒಮ್ಮೆ ಬ್ರೇಕ್ ಹಿಡಿದು ನೋಡಿದರೇ? ನಾನು ಕಂಡ ಕಡೆಯೆಲ್ಲ ಗಾಡಿಯ ಚೌಕಟ್ಟಿನ ಮೇಲೆ ಕೊರೆದ ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆದರು, ಫೋಟೊ ಹಿಡಿದರು, ಕಳಿಸಿದರು. ನಮ್ಮ ಭಾವನ ಸ್ಕೂಟರಿಗೆ ಸಂಜೆಗತ್ತಲಿನಲ್ಲಿ ಹಿಂದಿನಿಂದ ಬೈಕು ಬಂದು ಗುದ್ದಿತು. ಅದರ ಹಿಂದಿನ ಬ್ರೇಕ್ ಲೈನರ್ ಪೂರ್ತಿ ಸವೆದು ಹೋಗಿತ್ತು. ನವೀಕರಣವಾಗಿ ನಾಲ್ಕು ತಿಂಗಳೂ ಆಗಿರಲಿಲ್ಲ, ಕಾಗದಪತ್ರವೆಲ್ಲ ಚೊಕ್ಕವಾಗಿತ್ತು. ಭಾವ ಇಂದಿಗೂ ಕುಂಟುತ್ತಾರೆ. ಹಳೆಯ ಬೈಕು ಪಾಸಾಗುತ್ತದೆಯೇ ಎಂಬುದಕ್ಕಿಂತ, ಪಾಸಾದದ್ದಕ್ಕೆ ಏನು ಬೆಲೆ ಎಂದು ಕೇಳಬೇಕು.

ರಿಂಗ್‌ಸ್ಪ್ಯಾನರ್:
22 ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದೇನೆ. ಎಲ್ಲ ಕಡೆ ಒಂದೇ ಥರ ಎನ್ನಬೇಡಿ ಸರ್. ಗಾಡಿಯನ್ನು ನಿಜವಾಗಿಯೂ ನೋಡುವ ಬ್ರೇಕ್ ಇನ್‌ಸ್ಪೆಕ್ಟರುಗಳು (ಆರ್‌ಟಿಒದ ತಪಾಸಣಾಧಿಕಾರಿಗಳು) ಇದ್ದಾರೆ. ಅಂಥವರ ಕೈಗೆ ಸಿಕ್ಕಿ ಹಿಂದಿರುಗಿದ ಗಾಡಿಗಳು ನನ್ನ ಬಳಿಗೇ ಬರುತ್ತವೆ. ಎಂಜಿನ್ ಹೋಗಿದೆ ಎಂದು ಬಂದದ್ದು ಒಂದೂ ಇಲ್ಲ. ಬರುವುದೆಲ್ಲ ಸಣ್ಣ ಸಾಮಾನಿನ ಕಥೆ: ಒಂದು ಇಂಡಿಕೇಟರ್ ಉರಿಯುವುದಿಲ್ಲ, ಹಾರನ್ ಕೆಮ್ಮುತ್ತದೆ, ಕನ್ನಡಿ ಇಲ್ಲ.

ಅಡಿಕೆತೋಟ ಅವರೇ, ನಿಮ್ಮ ಗಾಡಿಯ ಹಿಂದಿನ ಬ್ರೇಕ್ ಪೆಡಲಿನ ಪಕ್ಕದಲ್ಲಿ ಬೆರಳುದ್ದದ ಒಂದು ಸ್ಪ್ರಿಂಗ್ ಇದೆ, ಪೆಡಲಿನಿಂದ ಸ್ವಿಚ್ಚಿಗೆ ಎಳೆದಿರುತ್ತದೆ. ಮಲೆನಾಡಿನ ಮಳೆಗೆ ತುಕ್ಕು ಹಿಡಿದು ತುಂಡಾಗುತ್ತದೆ. ಬ್ರೇಕ್ ಹಿಡಿಯುತ್ತದೆ, ದೀಪ ಹತ್ತುವುದಿಲ್ಲ, ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ. ರಾತ್ರಿ ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿ ಪೆಡಲ್ ಒತ್ತಿ, ಗೋಡೆ ಕೆಂಪಾಗಬೇಕು. ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಅಡ್ಡಡ್ಡ ಅಲ್ಲಾಡಿಸಿ, ಟಕ್ ಎಂದರೆ ಬುಷ್ ಅಥವಾ ಬೇರಿಂಗ್ ಹೋಗಿದೆ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿದಾಗ ನಡುವೆ ಸಿಕ್ಕಿಕೊಂಡಂತಾದರೆ ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಬದಲಿಸಿ. ಇದಿಷ್ಟನ್ನೂ ಅಧಿಕಾರಿ ನೋಡದಿದ್ದರೂ ನೀವು ನೋಡಿ.

ಲೆಸ್ಟರ್‌ಕನ್ನಡಿಗ:
ಇಂಗ್ಲೆಂಡಿನ ಲೆಸ್ಟರ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿ ಬೈಕಿಗೆ 3 ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಎಂಒಟಿ ತಪಾಸಣೆ. ಮೋಟಾರ್‌ಸೈಕಲ್ಲಿಗೆ ಗರಿಷ್ಠ ಶುಲ್ಕ 29.65 ಪೌಂಡ್. ನನ್ನದು 2001ರ ಹೋಂಡಾ ಸಿಬಿ500. ಹನ್ನೊಂದು ವರ್ಷದಲ್ಲಿ ಮೂರು ಸಲ ಫೇಲಾಗಿದೆ: ಹೆಡ್‌ಲೈಟಿನ ಬೆಳಕು ಮೇಲೆ ಬೀಳುತ್ತಿತ್ತು, ಇನ್ನೊಮ್ಮೆ ಚೈನ್ ಸಡಿಲ, ಮತ್ತೊಮ್ಮೆ ಹಿಂದಿನ ಟೈರು ಸವೆದಿತ್ತು. ದೊಡ್ಡ ಬೈಕಿನ ಟೈರಿನಲ್ಲಿ ಕನಿಷ್ಠ 1 ಮಿಲಿಮೀಟರ್ ಆಳದ ಗೆರೆ ಉಳಿದಿರಬೇಕು. ಮೂರೂ ಸಲ ಅದೇ ವಾರ ಸರಿಪಡಿಸಿ ಪಾಸು ಮಾಡಿಸಿದೆ.

ನನಗೆ ಮೆಚ್ಚುಗೆಯಾದದ್ದು ಅದರ ದಾಖಲೆ. ಪಾಸಾದರೂ "ಬ್ರೇಕ್ ಪ್ಯಾಡ್ ಸವೆಯುತ್ತಿದೆ, ಗಮನಿಸಿ" ಎಂದು ಬರೆದುಕೊಡುತ್ತಾರೆ. ನೋಂದಣಿ ಸಂಖ್ಯೆ ಹಾಕಿದರೆ ಆ ಗಾಡಿ ಯಾವ ವರ್ಷ ಯಾವುದಕ್ಕೆ ಫೇಲಾಗಿತ್ತು ಎಂದು ಯಾರು ಬೇಕಾದರೂ ನೋಡಬಹುದು. ನಮ್ಮಲ್ಲಿ ಇಂಥದ್ದೊಂದು ಇದ್ದಿದ್ದರೆ ಕಾಲುದಾರಿ ಅವರ ಭಾವನಿಗೆ ಆದದ್ದು ತಪ್ಪುತ್ತಿತ್ತೋ ಏನೋ.

ರೋಡ್‌ಕಿಂಗ್84:
ಅಲ್ಲಿ 40 ವರ್ಷ ದಾಟಿದ ಗಾಡಿಗೆ ತಪಾಸಣೆಯೇ ಇಲ್ಲವಂತಲ್ಲ? ಹಾಗಾದರೆ ಹಳೆಯ ಗಾಡಿಯ ಮೇಲೆ ಅವರಿಗೇ ನಂಬಿಕೆ ಇದೆ ಎಂದಾಯಿತು. ನಮ್ಮಲ್ಲಿ ವರ್ಷ ವರ್ಷ ತೋರಿಸು ಎಂದರೆ ಕೂಲಿಗೆ ಹೋಗುವವನು ವರ್ಷಕ್ಕೊಂದು ದಿನದ ಸಂಬಳ ಬಿಟ್ಟು ಸಾಲಿನಲ್ಲಿ ನಿಲ್ಲಬೇಕು. ಲಾಭ ಏಜೆಂಟರಿಗೆ.

ಲೆಸ್ಟರ್‌ಕನ್ನಡಿಗ:
2018ರಿಂದ ವಿನಾಯಿತಿ ಇರುವುದು ನಿಜ, ನಿಮ್ಮ ಯೆಜ್ಡಿಗೂ ಸಿಗುತ್ತಿತ್ತು. ಆದರೆ ಗಾಡಿಯಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು, ಮತ್ತು ಸುಸ್ಥಿತಿಯಲ್ಲಿ ಇಡುವ ಹೊಣೆ ಮಾಲೀಕನದೇ. ಅಂಥ ಗಾಡಿ ಇರುವ ನನ್ನ ಗೆಳೆಯ ಈಗಲೂ ದುಡ್ಡು ಕೊಟ್ಟು ಪ್ರತಿ ವರ್ಷ ತೋರಿಸುತ್ತಾನೆ. ಕೂಲಿಯ ಮಾತು ಒಪ್ಪಿದೆ. ಇಲ್ಲಿ ಬೀದಿಯ ಗ್ಯಾರೇಜಿಗೇ ಪರವಾನಗಿ ಕೊಟ್ಟಿರುವುದರಿಂದ ಅರ್ಧ ಗಂಟೆಯ ಕೆಲಸ.

ಕಾಲುದಾರಿ:
ನಮ್ಮ ಹೊಗೆ ತಪಾಸಣೆಯೂ ಪೆಟ್ರೋಲ್ ಬಂಕಿನ ಪಕ್ಕದಲ್ಲೇ ನಡೆಯುತ್ತದಲ್ಲ. ಹಳೆಯ ಗಾಡಿಗೆ ಆರು ತಿಂಗಳಿಗೊಮ್ಮೆ ಹೇಗೂ ಹೋಗುತ್ತೇವೆ. ಅಲ್ಲೇ ಬ್ರೇಕು, ದೀಪ, ಟೈರು ನೋಡಿದರೆ ಯಾರ ದಿನಗೂಲಿಯೂ ಹೋಗುವುದಿಲ್ಲ.

ರಿಂಗ್‌ಸ್ಪ್ಯಾನರ್:
ಇದು ಒಳ್ಳೆಯ ಮಾತು. ಹೊಗೆಯ ವಿಷಯವನ್ನೂ ಹೇಳಿಬಿಡುತ್ತೇನೆ. 2000ದ ಮಾರ್ಚ್‌ವರೆಗಿನ ಬೈಕಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ 4.5 ಶೇಕಡಾ. ಆಮೇಲೆ ಬಂದ ನಿಮ್ಮಂಥ ಗಾಡಿಗೆ 3.5. ಏರ್ ಫಿಲ್ಟರ್ ಶುಚಿ ಮಾಡಿ, ಪ್ಲಗ್ ಬದಲಿಸಿ, ಗಾಡಿಯನ್ನು ಹತ್ತು ನಿಮಿಷ ಓಡಿಸಿ ಬಿಸಿ ಮಾಡಿಕೊಂಡು ಹೋಗಿ. ತಣ್ಣಗಿನ ಎಂಜಿನ್‌ನಲ್ಲಿ ಚೋಕ್ ಎಳೆದು ಹೋದರೆ ಒಳ್ಳೆಯ ಗಾಡಿಯೂ ಮಿತಿ ದಾಟುತ್ತದೆ.

ಅಡಿಕೆತೋಟ:
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಏಜೆಂಟರಿಲ್ಲದೆ ನಾನೇ ಹೋದೆ. ಮೊದಲ ದಿನ ಹಿಂದಿರುಗಿಸಿದರು. ಬ್ರೇಕ್ ದೀಪ ಸರಿಯಿತ್ತು, ಸ್ಪ್ರಿಂಗ್ ಮೊದಲೇ ಹಾಕಿಸಿದ್ದೆ (ತುಂಡಾಗಿಯೇ ಇತ್ತು, ರಿಂಗ್‌ಸ್ಪ್ಯಾನರ್ ಅಣ್ಣ). ಸಿಕ್ಕಿಬಿದ್ದದ್ದು ಚಾಸಿಸ್ ನಂಬರಿನಲ್ಲಿ. ಅಪ್ಪ ಯಾವಾಗಲೋ ಪೇಂಟ್ ಮಾಡಿಸಿದಾಗ ಹ್ಯಾಂಡಲ್ ಕೆಳಗೆ ನಂಬರು ಇರುವ ಕೊರಳಿನ ಮೇಲೂ ದಪ್ಪಗೆ ಬಳಿದಿದ್ದಾರೆ. ಪೆನ್ಸಿಲ್ ಉಜ್ಜಿದರೆ ಕಾಗದದಲ್ಲಿ ಮೂರು ಅಂಕಿ ಮೂಡಲೇ ಇಲ್ಲ.

ರಿಂಗ್‌ಸ್ಪ್ಯಾನರ್:
ಉಪ್ಪು ಕಾಗದ ಹಾಕಿ ಉಜ್ಜಲಿಲ್ಲ ತಾನೇ? ಅಂಕಿ ಸವೆದರೆ ನಂಬರು ತಿದ್ದಿದ್ದಾರೆ ಎಂಬ ಅನುಮಾನ ಬರುತ್ತದೆ.

ಅಡಿಕೆತೋಟ:
ಇಲ್ಲ ಅಣ್ಣ. ಥಿನ್ನರ್‌ನಲ್ಲಿ ಬಟ್ಟೆ ಅದ್ದಿ ಕಾಲು ಗಂಟೆ ಸುತ್ತಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ತಿಕ್ಕಿದೆ. ಕಪ್ಪು ಪದರ ಬಿಟ್ಟಿತು, ಅದರಡಿ ಕೆಂಪು ಬಣ್ಣ, ಅದರಡಿ ಅಂಕಿಗಳು. ಗಾಡಿ ಮೊದಲು ಕೆಂಪಗಿತ್ತು ಎಂಬುದೇ ನನಗೆ ಮರೆತುಹೋಗಿತ್ತು. ಎರಡನೆಯ ದಿನ ಪ್ರಿಂಟ್ ಸ್ಪಷ್ಟವಾಗಿ ಬಂತು. ಅಧಿಕಾರಿ ಇಂಡಿಕೇಟರ್, ಹಾರನ್ ನೋಡಿದರು, ಬ್ರೇಕ್ ನೋಡಲಿಲ್ಲ. 5 ವರ್ಷಕ್ಕೆ ನವೀಕರಣ ಆಯಿತು. ಕಾಲುದಾರಿ ಅವರೇ, ನಿಮ್ಮ ಮಾತು ಮನಸ್ಸಿನಲ್ಲಿತ್ತು. ಮರಳುವಾಗ ಗ್ಯಾರೇಜಿನಲ್ಲಿ ಹಿಂದಿನ ಚಕ್ರ ಬಿಚ್ಚಿಸಿದೆ. ಲೈನರ್ ತೆಳ್ಳಗಾಗಿತ್ತು, ಹೊಸದು ಹಾಕಿಸಿದೆ.