ಬಿಎ ಆದಮೇಲೆ ರಾಜ್ಯಶಾಸ್ತ್ರದಲ್ಲೇ ಎಂಎ: ಮಾಡಬೇಕಾ, ಬೇಡವಾ?

ಹೊಸಪೇಟೆ ಹುಡುಗಿ:
ಎಲ್ಲರಿಗೂ ನಮಸ್ಕಾರ. ಈ ವರ್ಷ ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿಎ ಮುಗಿಸಿದ್ದೇನೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಪೂರ್ತಿ ಕನ್ನಡ ಮಾಧ್ಯಮ. ರಾಜ್ಯಶಾಸ್ತ್ರ ನನಗೆ ತುಂಬಾ ಇಷ್ಟ, ಅದರಲ್ಲೇ ಎಂಎ ಮಾಡಬೇಕು ಅಂತ ಆಸೆ. ಮನೆಯಲ್ಲಿ "ಅದನ್ನ ಓದಿ ಏನ್ಮಾಡ್ತೀಯ, ಬಿಎಡ್ ಮಾಡು, ಇಲ್ಲಾಂದ್ರೆ ಲಾ ಸೇರು" ಅನ್ನುತ್ತಿದ್ದಾರೆ. ಸ್ಪರ್ಧಾತ್ಮಕ ಪರೀಕ್ಷೆ ಬಿಟ್ಟರೆ ಎಂಎಯಿಂದ ಬೇರೆ ಏನಾದರೂ ಉಪಯೋಗ ಇದೆಯಾ? ಇಂಗ್ಲಿಷ್ ಅಷ್ಟಾಗಿ ಬರದಿದ್ದರೆ ಯೂನಿವರ್ಸಿಟಿಯಲ್ಲಿ ಕಷ್ಟ ಆಗುತ್ತದಾ?

ಧಾರವಾಡ ರೂಮು:
ತಂಗಿ, ನೇರವಾಗಿ ಹೇಳುತ್ತೇನೆ. ಪರೀಕ್ಷೆಗೋಸ್ಕರ ಎಂಎ ಬೇಡ. ಯುಪಿಎಸ್‌ಸಿ ಮೇನ್ಸ್‌ನಲ್ಲಿ ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧ ಅಂತ ಐಚ್ಛಿಕ ವಿಷಯ ಇದೆ, 250 ಅಂಕದ ಎರಡು ಪತ್ರಿಕೆ. ಕನ್ನಡದಲ್ಲೇ ಬರೆಯಬಹುದು. ಆದರೆ ಅದಕ್ಕೆ ಎಂಎ ಆಗಿರಬೇಕು ಅಂತ ಎಲ್ಲೂ ಇಲ್ಲ. ಇಂಜಿನಿಯರಿಂಗ್ ಓದಿದವರೂ ಇದನ್ನೇ ತೆಗೆದುಕೊಳ್ಳುತ್ತಾರೆ. ಕೆಎಎಸ್‌ನಲ್ಲಂತೂ ಈಗ ಐಚ್ಛಿಕ ವಿಷಯವೇ ಇಲ್ಲ. ನನ್ನ ರೂಮಿನಲ್ಲಿ ಎಂಎ ಆದವರಿದ್ದಾರೆ. ಅವರೂ ನನ್ನ ಹಾಗೇ ಬೆಳಗ್ಗೆ ಎದ್ದು ಲೈಬ್ರರಿಯಲ್ಲಿ ಸೀಟು ಹಿಡಿಯುತ್ತಾರೆ. ಎರಡು ವರ್ಷ ಸುಮ್ನೆ ಹೋಗುತ್ತದೆ.

ಅತಿಥಿ ಉಪನ್ಯಾಸಕಿ:
ಪರೀಕ್ಷೆ ವಿಚಾರದಲ್ಲಿ ಧಾರವಾಡದ ತಮ್ಮ ಹೇಳಿದ್ದು ಸರಿ. ಕೆಲಸದ ವಿಚಾರ ನಾನು ಹೇಳುತ್ತೇನೆ, ಯಾಕಂದರೆ ಅದರಲ್ಲೇ ಬದುಕುತ್ತಿದ್ದೇನೆ. ಪಿಯು ಉಪನ್ಯಾಸಕಿ ಆಗಬೇಕಾದರೆ ಎಂಎ ಜೊತೆ ಬಿಎಡ್ ಬೇಕು. ಡಿಗ್ರಿ ಕಾಲೇಜಿಗೆ ಕೆ-ಸೆಟ್ ಅಥವಾ ನೆಟ್ ಅನ್ನುವ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಎರಡರಲ್ಲೂ ಕಾಯಂ ಹುದ್ದೆಗೆ ಕರೆಯುವುದು ಯಾವಾಗಲೋ ಒಮ್ಮೆ. ಅಲ್ಲಿಯವರೆಗೆ ನನ್ನಂಥವರು ಪ್ರತಿ ವರ್ಷ ಮತ್ತೆ ಅರ್ಜಿ ಹಾಕಿ ಕೌನ್ಸೆಲಿಂಗ್‌ಗೆ ಕಾಯಬೇಕು. ಇದನ್ನು ತಿಳಿದುಕೊಂಡೇ ಬಾ.

ಆದರೆ "ಸುಮ್ನೆ ಹೋಗುತ್ತದೆ" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹಾಗೆ ಅನಿಸುವುದಕ್ಕೆ ಕಾರಣ ವಿಷಯ ಅಲ್ಲ, ನಾವು ಅದನ್ನು ಕಲಿಸುವ ರೀತಿ. ಪ್ಲೇಟೋನ ಆದರ್ಶ ರಾಜ್ಯ, ಅರಿಸ್ಟಾಟಲ್‌ನ ಕ್ರಾಂತಿ ಸಿದ್ಧಾಂತ, ಕೌಟಿಲ್ಯನ ಸಪ್ತಾಂಗ. ಅದೇ ಪ್ರಶ್ನೆಗಳು, ಪರೀಕ್ಷೆಗೆ ಹತ್ತು ದಿನ ಇರುವಾಗ ಗೈಡು, ಹೊರಗೆ ಬಂದಮೇಲೆ ಮರೆವು. 1881ರಲ್ಲೇ ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಶುರುಮಾಡಿದರು. ಅದಕ್ಕೆ ಯಾರನ್ನು ಕರೆದರು, ಯಾರನ್ನು ಬಿಟ್ಟರು ಅಂತ ಒಂದು ವಾರ ಚರ್ಚೆ ಮಾಡಬಹುದು. ನಮ್ಮಲ್ಲಿ ಅದು ಎರಡು ಅಂಕದ ಪ್ರಶ್ನೆ.

ಬಳ್ಳಾರಿ ವಕೀಲ:
ಮೇಡಂ, ನೀವು ಹೇಳುವ ಸಮಸ್ಯೆಗೆ ಲಾ ಓದುವುದೇ ಪರಿಹಾರ. ಅಲ್ಲಿ ಸಂವಿಧಾನವನ್ನು ಕೇಸಿನ ಮೂಲಕ ಕಲಿಯುತ್ತೇವೆ. ಬೊಮ್ಮಾಯಿ ಕೇಸ್ ತೆಗೆದುಕೊಳ್ಳಿ. 1989ರ ಏಪ್ರಿಲ್‌ನಲ್ಲಿ ಆಗಿನ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರು ಸದನದಲ್ಲಿ ಬಹುಮತ ತೋರಿಸುತ್ತೇನೆ ಅಂದರೂ ಅವಕಾಶ ಕೊಡದೆ, ರಾಜ್ಯಪಾಲರ ವರದಿ ಮೇಲೆ ಸರ್ಕಾರ ವಜಾ ಆಯಿತು. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜ್‌ಗಳ ಪೀಠ, ಬಹುಮತ ತೀರ್ಮಾನ ಆಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ ಅಂತ ಹೇಳಿತು. 2018ರ ಮೇ ತಿಂಗಳಲ್ಲಿ ಬಹುಮತ ಸಾಬೀತಿಗೆ ಯಡಿಯೂರಪ್ಪನವರಿಗೆ ರಾಜ್ಯಪಾಲರು ಕೊಟ್ಟಿದ್ದ 15 ದಿನವನ್ನು ಕೋರ್ಟು ಕಡಿತ ಮಾಡಿ "ನಾಳೆಯೇ" ಅಂದಾಗ ಇದೇ ತತ್ವ ಕೆಲಸಕ್ಕೆ ಬಂತು. ಬಿಎ ಆದವರಿಗೆ ಎಲ್‌ಎಲ್‌ಬಿ ಮೂರು ವರ್ಷ. ಓದೂ ಆಗುತ್ತದೆ, ಅನ್ನವೂ ಸಿಗುತ್ತದೆ.

ಅತಿಥಿ ಉಪನ್ಯಾಸಕಿ:
ವಕೀಲರೇ, ಇದೇ ಕೇಸನ್ನು ನಾನೂ ತರಗತಿಯಲ್ಲಿ ಹೇಳುತ್ತೇನೆ. ಆದರೆ ನನ್ನ ಪ್ರಶ್ನೆ ತೀರ್ಪು ಬರೋಕೆ ಮುಂಚೆ ಶುರುವಾಗುತ್ತದೆ. ರಾಜ್ಯ ಸರ್ಕಾರ ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ತರಲು ಬಳಸುವ 356ನೇ ವಿಧಿ 1950ರಿಂದಲೂ ಇತ್ತು. ಅದನ್ನು ಒಂದು ಕಾಲದಲ್ಲಿ ಅಷ್ಟು ಸಲೀಸಾಗಿ ಬಳಸಿದರು, ಆಮೇಲೆ ಅಷ್ಟೊಂದು ಕಡಿಮೆಯಾಯಿತು. ಬರೀ ತೀರ್ಪಿನಿಂದಲಾ? ಅದೇ ಹೊತ್ತಿಗೆ ದಿಲ್ಲಿಯಲ್ಲಿ ಒಂದೇ ಪಕ್ಷದ ಬಹುಮತ ಹೋಗಿ, ರಾಜ್ಯಗಳ ಪಕ್ಷಗಳ ಬೆಂಬಲ ಇಲ್ಲದೆ ಸರ್ಕಾರ ನಿಲ್ಲದ ಕಾಲ ಬಂತು. ರಾಜ್ಯ ಸರ್ಕಾರ ವಜಾ ಮಾಡಿದರೆ ಕೇಂದ್ರದ ಕುರ್ಚಿಯೇ ಅಲ್ಲಾಡುವ ಸ್ಥಿತಿ. ಎರಡರಲ್ಲಿ ಯಾವುದರ ಪಾಲು ಜಾಸ್ತಿ ಅಂತ ಹುಡುಕುವುದು ರಾಜ್ಯಶಾಸ್ತ್ರದ ಕೆಲಸ. ಲಾ ಕಾಲೇಜಿನಲ್ಲಿ ಈ ಪ್ರಶ್ನೆ ಕೇಳಲು ಯಾರಿಗೂ ಪುರುಸೊತ್ತು ಇರುವುದಿಲ್ಲ.

ತುಮಕೂರು ಪಿಡಿಒ:
ನಾನು ರಾಜ್ಯಶಾಸ್ತ್ರದಲ್ಲಿ ಎಂಎ ಮಾಡಿ ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಆಗಿದ್ದೇನೆ. ಈ ಕೆಲಸಕ್ಕೂ ಎಂಎ ಬೇಕಿಲ್ಲ, ಡಿಗ್ರಿ ಸಾಕು. ಆದರೂ ಒಂದು ವಿಷಯ ಹೇಳಬೇಕು.

ನಮ್ಮಲ್ಲಿ ಮನೆ ಹಂಚಿಕೆಗೆ ಗ್ರಾಮಸಭೆ ಸೇರಿತ್ತು. ದೇವಸ್ಥಾನದ ಮುಂದೆ ಶಾಮಿಯಾನ. ಕುರ್ಚಿಯಲ್ಲಿ ಜಮೀನು ಇರುವ ಗಂಡಸರು, ಹಿಂದೆ ಜಗಲಿ ಮೇಲೆ ಹೆಂಗಸರು. ಫಲಾನುಭವಿಗಳ ಪಟ್ಟಿ ಓದಿದೆ. ಆಗಲೇ ಮನೆ ಇದ್ದವರ ಹೆಸರೂ ಅದರಲ್ಲಿತ್ತು, ಊರಿಗೆಲ್ಲ ಗೊತ್ತು. ಯಾರೂ ಮಾತಾಡಲಿಲ್ಲ. ಕೊನೆಗೆ ಎದ್ದು ಕೇಳಿದ್ದು ಒಬ್ಬಳೇ ಹೆಣ್ಣುಮಗಳು. ಅವಳು ದಿನಾ ವ್ಯಾನ್ ಹತ್ತಿ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಹೋಗುತ್ತಾಳೆ. ಉಳಿದವರು ಅದೇ ಕುರ್ಚಿಯಲ್ಲಿ ಕೂತವರ ತೋಟಕ್ಕೆ ಕೂಲಿಗೆ ಹೋಗಬೇಕು. ಅವಳೊಬ್ಬಳಿಗೇ ಮಾತು ಬಂದದ್ದು ಯಾಕೆ ಅಂತ ನನಗೆ ಆ ಕ್ಷಣವೇ ಹೊಳೆಯಿತು. ಎಂಎಯಲ್ಲಿ ಅಧಿಕಾರ ಅನ್ನುವ ವಿಷಯದ ಮೇಲೆ ಓದಿದ್ದೆಲ್ಲ ಅಲ್ಲಿ ಕಣ್ಣೆದುರು ಇತ್ತು. ಆಮೇಲಿಂದ ನಾನು ಪಟ್ಟಿಯನ್ನು ವಾರ ಮುಂಚೆಯೇ ಗೋಡೆಗೆ ಅಂಟಿಸಿ, ಆಕ್ಷೇಪಣೆಯನ್ನು ಬರವಣಿಗೆಯಲ್ಲೂ ತೆಗೆದುಕೊಳ್ಳುತ್ತೇನೆ.

ಧಾರವಾಡ ರೂಮು:
ಸರ್, ಅದು ನಿಮ್ಮ ಒಳ್ಳೆಯತನ. ಎಂಎ ಇಲ್ಲದವರೂ ಹಾಗೆ ಮಾಡಬಹುದಿತ್ತು ಅಲ್ವಾ?

ತುಮಕೂರು ಪಿಡಿಒ:
ಮಾಡಬಹುದಿತ್ತು. ಆದರೆ "ಜನಕ್ಕೆ ಆಸಕ್ತಿ ಇಲ್ಲ" ಅಂತ ನಡಾವಳಿ ಪುಸ್ತಕ ಮುಚ್ಚುವವರೇ ಜಾಸ್ತಿ, ತಮ್ಮ. 1948ರ ನವೆಂಬರ್ 4ರಂದು ಕರಡು ಸಂವಿಧಾನ ಮಂಡಿಸುವಾಗ ಅಂಬೇಡ್ಕರ್, ಹಳ್ಳಿಯ ಬದಲು ವ್ಯಕ್ತಿಯನ್ನು ಘಟಕ ಮಾಡಿಕೊಂಡಿರುವುದು ಸಂತೋಷ ಅಂದರು. ಹಲವು ಸದಸ್ಯರು ಸಿಟ್ಟಾದರು. ಆಮೇಲೆ ಪಂಚಾಯಿತಿಗಳ ಬಗ್ಗೆ 40ನೇ ವಿಧಿ ಸೇರಿತು. ಇನ್ನೊಂದು ಕಡೆ ಆಗ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ನಮ್ಮ ಅಬ್ದುಲ್ ನಜೀರ್ ಸಾಬ್. ಹಳ್ಳಿಗೆ ಅಧಿಕಾರ ಕೊಡಲೇಬೇಕು ಅಂತ ನಂಬಿ 1983ರ ಕಾಯ್ದೆ ತಂದವರು. ಅದರ ಪ್ರಕಾರ 1987ರಲ್ಲಿ ಚುನಾವಣೆ ನಡೆದು, ಶೇ 25 ಸ್ಥಾನ ಹೆಂಗಸರಿಗೆ ಸಿಕ್ಕಿತು. ಪಂಚಾಯಿತಿಗಳಿಗೆ ಸಂವಿಧಾನದ ಬಲ ಕೊಟ್ಟ 73ನೇ ತಿದ್ದುಪಡಿ ಬಂದದ್ದು ಅದಾದ ಮೇಲೆ. ನನ್ನ ಗ್ರಾಮಸಭೆಯಲ್ಲಿ, ಹಳ್ಳಿ ಅಂದರೆ ಸಂಕುಚಿತ ಮನಸ್ಸಿನ ಗೂಡು ಅನ್ನುವ ಅಂಬೇಡ್ಕರ್ ಅವರ ಭಯವೂ ಇದೆ, ನಜೀರ್ ಸಾಬರ ನಂಬಿಕೆಯೂ ಇದೆ. ಇಬ್ಬರನ್ನೂ ಓದಿರದಿದ್ದರೆ ನಾನೂ ಬರೀ ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಲೆಕ್ಕ ಹಾಕುತ್ತಿದ್ದೆ.

ಮಾನಸಗಂಗೋತ್ರಿ:
ನಾನು ಮೈಸೂರಿನಲ್ಲಿ ಎಂಎ ಎರಡನೇ ವರ್ಷ. ಪಿಡಿಒ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ದಿಲ್ಲಿಯ ಸಿಎಸ್‌ಡಿಎಸ್ ಅನ್ನುವ ಸಂಶೋಧನಾ ಸಂಸ್ಥೆಯ ಲೋಕನೀತಿ ತಂಡ ಚುನಾವಣೆ ಸಮೀಕ್ಷೆ ಮಾಡುತ್ತದೆ. ಮನೆ ಮನೆಗೆ ಹೋಗಿ ಪ್ರಶ್ನೆ ಕೇಳುವ ಕೆಲಸಕ್ಕೆ ವಿದ್ಯಾರ್ಥಿಗಳನ್ನೂ ತೆಗೆದುಕೊಳ್ಳುತ್ತಾರೆ, ತರಬೇತಿಯನ್ನೂ ಕೊಡುತ್ತಾರೆ. ನಾನೂ ಹೋಗಿದ್ದೆ. ಮತದಾರರ ಪಟ್ಟಿಯಿಂದ ಆರಿಸಿದ ಹೆಸರು ಕೈಗೆ ಕೊಡುತ್ತಾರೆ. ಅವರನ್ನೇ ಹುಡುಕಬೇಕು, ಮನೇಲಿ ಇಲ್ಲ ಅಂತ ಪಕ್ಕದ ಮನೆಯವರನ್ನು ಕೇಳೋ ಹಾಗಿಲ್ಲ. ಹೆಂಗಸರನ್ನು ಕೇಳಿದರೆ ಗಂಡ ಉತ್ತರ ಹೇಳೋಕೆ ಬರುತ್ತಾರೆ. ವೋಟು ಯಾರಿಗೆ ಅನ್ನುವುದನ್ನು ಬಾಯಲ್ಲಿ ಕೇಳುವುದೇ ಇಲ್ಲ. ಚಿಹ್ನೆಗಳಿರುವ ಮಾದರಿ ಮತಪತ್ರ ಕೊಡುತ್ತೇವೆ, ಅವರು ಗುರುತು ಹಾಕಿ ಮಡಚಿ ಡಬ್ಬಿಗೆ ಹಾಕುತ್ತಾರೆ. ಟಿವಿಯಲ್ಲಿ "ಈ ಜಾತಿ ಈ ಪಕ್ಷಕ್ಕೆ" ಅಂತ ಸಲೀಸಾಗಿ ಹೇಳುವಾಗ ಈಗ ನನಗೆ ಮೊದಲು ಬರುವ ಪ್ರಶ್ನೆ, ಯಾರನ್ನು ಕೇಳಿದರು, ಹೇಗೆ ಆರಿಸಿದರು ಅಂತ. ಇದು ಗೈಡಿನಲ್ಲಿ ಸಿಗುವುದಿಲ್ಲ.

ಇಂಗ್ಲಿಷ್ ಬಗ್ಗೆ ಮಾತ್ರ ಸುಳ್ಳು ಧೈರ್ಯ ಹೇಳುವುದಿಲ್ಲ. ನಾನೂ ಕನ್ನಡ ಮಾಧ್ಯಮ. ಪರೀಕ್ಷೆ ಕನ್ನಡದಲ್ಲಿ ಬರೆಯುತ್ತೇನೆ, ಆದರೆ ಒಳ್ಳೆಯ ಲೇಖನಗಳು ಇಂಗ್ಲಿಷಿನಲ್ಲೇ ಇವೆ. ರಾಜ್ಯಶಾಸ್ತ್ರದ ನೆಟ್ ಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಇದು ನಮಗೆ ಅನ್ಯಾಯ, ಇದನ್ನು ಕೇಳಲೇಬೇಕು. ಹಾಗಂತ ಅದು ಸರಿಹೋಗುವ ತನಕ ಕಾಯೋಕೆ ಆಗುವುದಿಲ್ಲ. ಅಂಬೇಡ್ಕರ್ ಬರಹ, ಭಾಷಣಗಳ ಸಂಪುಟಗಳನ್ನು ಸರ್ಕಾರವೇ ಕನ್ನಡದಲ್ಲಿ ತಂದಿದೆ. ಕನ್ನಡ, ಇಂಗ್ಲಿಷ್ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ ಅಕ್ಕ. ಮೊದಲ ಸೆಮಿಸ್ಟರ್ ನಿಧಾನ ಆಗುತ್ತದೆ, ಆಮೇಲೆ ಹಿಡಿತ ಬರುತ್ತದೆ.

ಹೊಸಪೇಟೆ ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. ಎಂಎಗೆ ಅರ್ಜಿ ಹಾಕುತ್ತೇನೆ ಅಂತ ಅಪ್ಪನಿಗೆ ಹೇಳಿದೆ. ವಕೀಲರು ಹೇಳಿದ ಲಾ ದಾರಿಯನ್ನೂ ಮುಚ್ಚಿಲ್ಲ, ಆಮೇಲೆ ಮಾಡಬಹುದಲ್ವಾ. ಸೀಟು ತೆಗೆದುಕೊಳ್ಳುವ ಮುಂಚೆ ವಿಭಾಗದಲ್ಲಿ ಏನು ನೋಡಬೇಕು ಮೇಡಂ?

ಅತಿಥಿ ಉಪನ್ಯಾಸಕಿ:
ಒಂದು ದಿನ ಬಿಡುವು ಮಾಡಿಕೊಂಡು ಹೋಗಿ ಬಾ. ಲೈಬ್ರರಿಯಲ್ಲಿ ಸೀನಿಯರ್‌ಗಳ ಕಿರುಪ್ರಬಂಧ ಇಟ್ಟಿರುತ್ತಾರೆ, ತೆಗೆದು ನೋಡು. ಎಲ್ಲದರಲ್ಲೂ ಹೆಸರು ಬದಲಾಗಿ ಒಳಗೆ ಒಂದೇ ಇದ್ದರೆ ಅಲ್ಲಿ ಯಾರೂ ತಿದ್ದುತ್ತಿಲ್ಲ ಅಂತ ಅರ್ಥ. ಯಾವುದಾದರೂ ಒಂದರಲ್ಲಿ ಒಂದು ತಾಲ್ಲೂಕಿನ, ಒಂದು ಚುನಾವಣೆಯ ಮಾತು ಕಂಡರೆ ಅದಕ್ಕೆ ಮಾರ್ಗದರ್ಶನ ಮಾಡಿದವರು ಯಾರು ಅಂತ ಬರೆದುಕೊಂಡು ಅವರನ್ನೇ ಭೇಟಿಯಾಗು. ಎಷ್ಟು ಜನ ಕಾಯಂ ಇದ್ದಾರೆ ಅಂತಲೂ ಕೇಳು.

ಧಾರವಾಡ ರೂಮು:
ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೂ ಹೋಗೋದೇ ಆದರೆ ಹಾಸ್ಟೆಲ್ ವಿಚಾರ ಮೊದಲು ನೋಡಿಕೋ ತಂಗಿ. ಬಿಸಿಎಂ (ಹಿಂದುಳಿದ ವರ್ಗಗಳ ಇಲಾಖೆ) ಹಾಸ್ಟೆಲಿಗೂ ಯೂನಿವರ್ಸಿಟಿ ಹಾಸ್ಟೆಲಿಗೂ ಅರ್ಜಿ ಬೇರೆ ಬೇರೆ. ಹಾಸ್ಟೆಲ್ ಸಿಗದಿದ್ದರೆ ಹಿಂದುಳಿದ ವರ್ಗದವರಿಗೆ ಊಟ, ವಸತಿ ಖರ್ಚಿಗೆ ಸರ್ಕಾರ ನೆರವು ಕೊಡುವ ವಿದ್ಯಾಸಿರಿ ಯೋಜನೆ ಇದೆ. ಜಾತಿ, ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೋ, ಕೊನೆ ದಿನ ಸರ್ವರ್ ಸಿಗುವುದಿಲ್ಲ.