ಪದ ಬೇಕು: ಪಟ್ಟಿಯಲ್ಲಿ ಆಯ್ಕೆ ಬದಲಾದ ಕೂಡಲೇ ಫಾರ್ಮ್ ತಾನಾಗಿ ಸರ್ವರ್‌ಗೆ ಹೋಗುವುದಕ್ಕೆ

ಎಲ್ಲರಿಗೂ ನಮಸ್ಕಾರ,

ಇವತ್ತು ಸಂಜೆಯೊಳಗೆ ಒಂದು ಪದ ಬೇಕು. ಜಮೀನು ದಾಖಲೆಗೆ ಅರ್ಜಿ ಹಾಕುವ ಒಂದು ಜಾಲತಾಣವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ ಅಂತ ಒಂದರ ಕೆಳಗೊಂದು ನಾಲ್ಕು ಡ್ರಾಪ್‌ಡೌನ್ ಇವೆ. ಜಿಲ್ಲೆ ಆರಿಸಿದರೆ ಸಾಕು, ಯಾವ ಬಟನ್ನೂ ಒತ್ತದೆ ಇಡೀ ಫಾರ್ಮ್ ಸರ್ವರ್‌ಗೆ ಹೋಗಿ, ಆ ಜಿಲ್ಲೆಯ ತಾಲೂಕುಗಳನ್ನು ತುಂಬಿಕೊಂಡು ಅದೇ ಪುಟ ವಾಪಸ್ ಬರುತ್ತದೆ. ಎಎಸ್‌ಪಿ ಡಾಟ್ ನೆಟ್‌ನಲ್ಲಿ (ಜಾಲತಾಣ ಕಟ್ಟಲು ಬಳಸುವ ಮೈಕ್ರೋಸಾಫ್ಟ್ ತಂತ್ರಾಂಶ) ಕೆಲಸ ಮಾಡುವವರು ಇದಕ್ಕೆ ಪೋಸ್ಟ್‌ಬ್ಯಾಕ್ ಅಂತಾರೆ, ತಾನಾಗಿ ಆದರೆ ಆಟೋಪೋಸ್ಟ್‌ಬ್ಯಾಕ್.

ಎರಡು ಕಡೆ ಬೇಕು. ಒಂದು, ಪಟ್ಟಿಯ ಮೇಲೆ ಜನರಿಗೆ ಕಾಣುವ ಸೂಚನೆ. ಇನ್ನೊಂದು, ಒಳಗಿನವರು ಓದುವ ಕೈಪಿಡಿ. ಸ್ವಯಂಸಲ್ಲಿಕೆ, ಮರುಸಲ್ಲಿಕೆ ಎಂದು ಎರಡು ಬರೆದಿಟ್ಟುಕೊಂಡಿದ್ದೇನೆ. ಎರಡೂ ಕೂರುತ್ತಿಲ್ಲ.

———

> ಸ್ವಯಂಸಲ್ಲಿಕೆ, ಮರುಸಲ್ಲಿಕೆ

ಮೊದಲನೆಯದು ಅರಿಸಮಾಸ, ಸಂಸ್ಕೃತದ ಸ್ವಯಂಗೆ ಕನ್ನಡದ ಸಲ್ಲಿಕೆ ಅಂಟಿಸಿದ್ದು. ಬೇಡ.

ಎರಡನೆಯದು ಅರ್ಥದಲ್ಲೇ ತಪ್ಪು. ತಿರಸ್ಕಾರವಾದ ಅರ್ಜಿಯನ್ನು ಇನ್ನೊಮ್ಮೆ ಕೊಟ್ಟರೆ ಅದು ಮರುಸಲ್ಲಿಕೆ. ನೀವು ಹೇಳುತ್ತಿರುವುದು ಮೊದಲ ಸಲ ಹೋಗುವುದನ್ನು.

ಇಲ್ಲಿ ಯಾರೂ ಗಮನಿಸದ ಒಂದು ವಿಷಯ ಇದೆ. ಸಲ್ಲಿಕೆ ಎಂಬುದು ಸಲ್ಲಿಸು ಎಂಬುದರಿಂದ ಬಂದಿಲ್ಲ, ಸಲ್ಲು ಎಂಬುದರಿಂದ ನೇರವಾಗಿ ಬಂದಿದೆ. ಸಲ್ಲು ಅಂದರೆ ಹೋಗು, ಸೇರು, ನಡೆ. ತಮಿಳಿನ ಸೆಲ್ ಇದರ ಒಡಹುಟ್ಟು, ಸಂದ ಎಂಬ ರೂಪಕ್ಕೆ ಅಲ್ಲಿಯ ಸೆನ್ಱ ನೋಡಿ. ಸಲ್ಲುವ ನಾಣ್ಯ ಅಂತೀವಲ್ಲ, ಆ ನಾಣ್ಯವನ್ನು ಯಾರೂ ಸಲ್ಲಿಸಬೇಕಿಲ್ಲ, ಅದು ತಾನೇ ಸಲ್ಲುತ್ತದೆ. ಅಂದರೆ ‘ತಾನಾಗಿ’ ಎಂಬ ಅರ್ಥ ಸಲ್ಲಿಕೆಯೊಳಗೇ ಇದೆ. ಮುಂದೆ ಏನೂ ಅಂಟಿಸಬೇಡಿ. ಬಟನ್ ಒತ್ತಿದರೆ ಸಲ್ಲಿಸುವುದು, ಒತ್ತದೆ ಹೋದರೆ ಸಲ್ಲಿಕೆ. ಮುಗಿಯಿತು.

———

> ಮರುಸಲ್ಲಿಕೆ ಅರ್ಥದಲ್ಲೇ ತಪ್ಪು

ಒಪ್ಪುವುದಿಲ್ಲ ಮೇಷ್ಟ್ರೇ. ಮರು ಅಂದರೆ ಇನ್ನೊಮ್ಮೆ ಅಂತ ಮಾತ್ರವೇ? ಮರುಟಪಾಲಿನಲ್ಲಿ ಉತ್ತರಿಸಿ ಅಂತ ಬರೆಯುವಾಗ ಎರಡನೇ ಸಲ ಬರೆಯಿರಿ ಅಂತ ಯಾರೂ ಓದುತ್ತಿರಲಿಲ್ಲ. ಮರುಮಾತು ಅಂದರೆ ಎದುರುಮಾತು. ಮರುದಿನ ಅಂದರೆ ಮುಂದಿನ ದಿನ, ಅದೇ ದಿನ ಇನ್ನೊಮ್ಮೆ ಅಲ್ಲ. ಪೋಸ್ಟ್‌ಬ್ಯಾಕ್‌ನಲ್ಲಿರುವ ಬ್ಯಾಕ್ ಕೂಡ ಇದೇ ಅರ್ಥದ್ದು, ಬಂದಲ್ಲಿಗೇ ತಿರುಗಿ ಕಳಿಸುವುದು. ಆ ಪುಟ ಯಾವ ವಿಳಾಸದಿಂದ ಬಂತೋ ಅದೇ ವಿಳಾಸಕ್ಕೆ ಹೋಗುತ್ತದೆ.

ಮಾರ್ದನಿ, ಮಾರ್ನುಡಿ ಇರುವಾಗ ಮಾರೋಲೆ ಯಾಕಾಗಬಾರದು? ಮಾಱು ಮತ್ತು ಓಲೆ. ತಂತಾನೆ ಹೋದರೆ ತನ್ಮಾರೋಲೆ. ಡ್ರಾಪ್‌ಡೌನ್‌ಗೆ ಇಳಿಪಟ್ಟಿ ಆಗಲೇ ಇದೆ. ಸರ್ವರ್‌ಗೆ ಊಳಿಗ ಅನ್ನಿ, ಮಾಡುವ ಕೆಲಸವೂ ಅದೇ ಅಲ್ವಾ.

———

ಮಾರೋಲೆ ಚೆನ್ನಾಗಿದೆ, ಆದರೆ ಸಂಜೆಯೊಳಗೆ ಬೇಕು ಅಂದವರಿಗೆ ಅದು ಆಗುವುದಿಲ್ಲ. ನಾನು ಇದೇ ಕೆಲಸ ಮಾಡುವವನು. ಪದಕ್ಕಿಂತ ಮೊದಲು ಅಲ್ಲಿ ನಡೆಯುವುದೇನು ಅಂತ ನೋಡೋಣ.

ಪಟ್ಟಿಯಲ್ಲಿ ಆಯ್ಕೆ ಬದಲಾದಾಗ ಬ್ರೌಸರ್ ಚೇಂಜ್ ಎಂಬ ಈವೆಂಟ್ ಎಬ್ಬಿಸುತ್ತದೆ. ಅದಕ್ಕೆ ಕಟ್ಟಿದ ಚಿಕ್ಕ ಜಾವಾಸ್ಕ್ರಿಪ್ಟ್, ಯಾವ ಪಟ್ಟಿ ಬದಲಾಯಿತು ಎಂಬುದನ್ನು ಕಣ್ಣಿಗೆ ಕಾಣದ ಒಂದು ಖಾನೆಯಲ್ಲಿ ಬರೆದು ಫಾರ್ಮನ್ನು ಕಳಿಸಿಬಿಡುತ್ತದೆ. ಸರ್ವರ್ ಆ ಹೆಸರು ನೋಡಿಕೊಂಡು ಅದಕ್ಕೆ ಸೇರಿದ ಕೆಲಸ ಮಾಡುತ್ತದೆ. 2002ರಲ್ಲಿ ಎಎಸ್‌ಪಿ ಡಾಟ್ ನೆಟ್ ಬಂದಾಗಿನಿಂದ ಹೀಗೇ. ಡ್ರಾಪ್‌ಡೌನ್‌ಗೆ ಇದು ಸುಮ್ನೆ ಆಗುವುದಿಲ್ಲ, ಆಟೋಪೋಸ್ಟ್‌ಬ್ಯಾಕ್ ಅಂತ ಗೊತ್ತುಮಾಡಿ ಆನ್ ಮಾಡಿದರೆ ಮಾತ್ರ.

ಈಗ ಮುಖ್ಯ ಮಾತು. ಸೂಚನೆ ಅಲಂಕಾರಕ್ಕೆ ಇರುವುದಲ್ಲ. ಅಂಗವಿಕಲರಿಗೂ ಜಾಲತಾಣ ಸಿಗಬೇಕು ಅನ್ನುವ ಡಬ್ಲ್ಯುಸಿಎಜಿ ನಿಯಮಗಳಲ್ಲಿ 3.2.2 ಅಂತ ಒಂದಿದೆ. ಆಯ್ಕೆ ಬದಲಿಸಿದ ಮಾತ್ರಕ್ಕೆ ಬಳಸುವವರ ಮುಂದಿನ ಸಂದರ್ಭವೇ ಬದಲಾಗುವುದಿದ್ದರೆ ಅದನ್ನು ಮೊದಲೇ ತಿಳಿಸಿರಬೇಕು. ಇದು ಎ ಮಟ್ಟದ್ದು, ಅಂದರೆ ಕನಿಷ್ಠ ಮಟ್ಟದ್ದು. ಯಾಕೆ ಅಂದರೆ ಮೌಸ್ ಇಲ್ಲದೆ ಕೀಲಿಮಣೆಯಲ್ಲೇ ಕೆಲಸ ಮಾಡುವವರು ವಿಂಡೋಸ್‌ನ ಕ್ರೋಮ್‌ನಲ್ಲಿ ಮುಚ್ಚಿದ ಪಟ್ಟಿಯ ಮೇಲೆ ಒಮ್ಮೆ ಕೆಳಬಾಣ ಒತ್ತಿದರೂ ಸಾಕು, ಆಯ್ಕೆ ಬದಲಾಗುತ್ತದೆ. ನಮ್ಮ 31 ಜಿಲ್ಲೆಗಳನ್ನು ಅಕಾರಾದಿಯಲ್ಲಿ ಜೋಡಿಸಿದರೆ ಮೊದಲು ಬರುವುದು ಉಡುಪಿ. ಕೊಪ್ಪಳ ಬೇಕಾದವರು ಬಾಣ ಒತ್ತಿದ ತಕ್ಷಣ ಉಡುಪಿ ಆಯ್ಕೆಯಾಗಿ ಪುಟ ಹೋಗಿಬಿಡುತ್ತದೆ. ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ನಲ್ಲಿ ಕೇಳಿಸಿಕೊಳ್ಳುವವರಿಗೆ ಏನಾಯಿತು ಅಂತಲೇ ತಿಳಿಯುವುದಿಲ್ಲ.

ಅದಕ್ಕೇ ಸೂಚನೆಯಲ್ಲಿ ಸಲ್ಲಿಕೆ ಅನ್ನುವ ಮಾತೇ ಬರಬಾರದು. ಕನ್ನಡದ ಕಚೇರಿ ಬಳಕೆಯಲ್ಲಿ ಅರ್ಜಿ ಸಲ್ಲಿಕೆಯಾಗಿದೆ ಅಂದರೆ ಕೆಲಸ ಮುಗಿದಿದೆ, ಇನ್ನು ಸ್ವೀಕೃತಿ ಸಂಖ್ಯೆಗೆ ಕಾಯಬೇಕು ಅಂತ. ಜಿಲ್ಲೆ ಆರಿಸಿದಾಗ ‘ಫಾರ್ಮ್ ಸಲ್ಲಿಕೆಯಾಗುತ್ತದೆ’ ಅಂತ ಓದಿದ ರೈತ ತಾಲೂಕನ್ನೂ ತುಂಬದೆ ಎದ್ದು ಹೋಗುತ್ತಾನೆ.

———

> ಸೂಚನೆಯಲ್ಲಿ ಸಲ್ಲಿಕೆ ಅನ್ನುವ ಮಾತೇ ಬರಬಾರದು

ಅಸಂಬದ್ಧ. ಕಚೇರಿಯವರು ಒಂದು ಅರ್ಥಕ್ಕೆ ಕಟ್ಟಿಹಾಕಿದರು ಅಂತ ಪದವನ್ನು ಬಿಟ್ಟುಕೊಡಬೇಕೇ?

ಊಳಿಗ ಅಂದವರಿಗೂ ಒಂದು ಮಾತು. ನಿಮ್ಮ ನಾಲ್ಕು ಪಟ್ಟಿಗಳಲ್ಲಿ ಮೊದಲ ಎರಡರ ಹೆಸರು, ಜಿಲ್ಲೆ ಮತ್ತು ತಾಲೂಕು, ಅರಬ್ಬಿ ಮೂಲದವು. ಅರ್ಜಿ, ದಾಖಲೆ ಅರಬ್ಬಿ. ಜಮೀನು ಪಾರಸಿ. ಗ್ರಾಮ ಸಂಸ್ಕೃತ. ಇಷ್ಟರ ನಡುವೆ ಸರ್ವರ್ ಒಂದನ್ನು ಅಚ್ಚಗನ್ನಡ ಮಾಡಿ ಏನು ಸಾಧಿಸಿದ ಹಾಗಾಯಿತು?

———

ಆ ಪದಗಳನ್ನು ತೆಗೆಯಿರಿ ಅಂತ ನಾನೆಲ್ಲಿ ಹೇಳಿದೆ? ಹಾಗಂತ ಬಂದದ್ದೆಲ್ಲ ಉಳಿಯಲೂ ಇಲ್ಲ. ಹಳೆಯ ಕಂದಾಯದ ಕಾಗದಗಳಲ್ಲಿ ಅರ್ಜಿ ಗುಜರಾಯಿಸು ಅಂತ ಬರೆಯುತ್ತಿದ್ದರು. ಅರ್ಜಿ ಉಳಿಯಿತು, ಗುಜರಾಯಿಸು ಮರೆಯಾಯಿತು, ಆ ಜಾಗದಲ್ಲಿ ಇವತ್ತು ಇರುವುದು ನಮ್ಮ ಸಲ್ಲಿಸು. ಹೆಸರುಪದ ಹೊರಗಿನಿಂದ ಬಂದರೆ ನುಡಿ ತಾಳಿಕೊಳ್ಳುತ್ತದೆ. ಎಸಕಪದವೂ, ಅಂದರೆ ಕ್ರಿಯಾಪದವೂ, ಹೊರಗಿನಿಂದಲೇ ಬರತೊಡಗಿದರೆ ವಾಕ್ಯದಲ್ಲಿ ನಮ್ಮದು ಅಂತ ಉಳಿಯುವುದು ‘ಮಾಡು’, ‘ಆಗು’ ಎರಡೇ. ಸೆಲೆಕ್ಟ್ ಮಾಡಿ, ಸಬ್‌ಮಿಟ್ ಆಗುತ್ತೆ, ಲೋಡ್ ಆಗುತ್ತೆ. ಈಗ ಎಲ್ಲೆಲ್ಲೂ ಹೀಗೇ ಬರೆಯುತ್ತಿದ್ದಾರೆ. ನನ್ನ ಸಂಕಟ ಅದಕ್ಕೆ. ಸರ್ವರ್ ಬೇಕಾದರೆ ಇರಲಿ, ಊಳಿಗವನ್ನು ಬಿಟ್ಟೆ. ಆದರೆ ಕ್ರಿಯೆಯನ್ನು ಕನ್ನಡದಲ್ಲಿ ಹೇಳಿ.

———

ಎಲ್ಲರಿಗೂ ಧನ್ಯವಾದ. ಕಳಿಸುವ ಹೊತ್ತಾಯಿತು, ಹೀಗೆ ಮಾಡುತ್ತಿದ್ದೇನೆ.

ಸೂಚನೆ: “ಜಿಲ್ಲೆ ಆರಿಸಿದ ಕೂಡಲೇ ಈ ಪುಟ ಹೊಸದಾಗಿ ತೆರೆದುಕೊಳ್ಳುತ್ತದೆ. ಇದರಿಂದ ನಿಮ್ಮ ಅರ್ಜಿ ಸಲ್ಲಿಕೆಯಾಗುವುದಿಲ್ಲ.”

ಕ್ರಿಯಾಪದವೆಲ್ಲ ಕನ್ನಡದಲ್ಲೇ ಇದೆ. ಸಲ್ಲಿಕೆ ಎಂಬುದನ್ನು ಜನರಿಗೆ ಗೊತ್ತಿರುವ ಅರ್ಥದಲ್ಲೇ ಬಳಸಿ, ಅದು ಆಗುವುದಿಲ್ಲ ಅಂತ ಬಿಡಿಸಿ ಹೇಳಿದ್ದೇನೆ. ಓದಿ ಸುಮ್ಮನಾಗುವ ಹೆದರಿಕೆ ಇದರಿಂದ ಕಡಿಮೆಯಾಗುತ್ತದೆ ಅನ್ನಿಸುತ್ತದೆ.

ಕೈಪಿಡಿಯಲ್ಲಿ ಪೋಸ್ಟ್‌ಬ್ಯಾಕ್ ಅಂತಲೇ ಬಿಡುತ್ತೇನೆ. ಅದನ್ನು ಓದುವವರು ಕೋಡ್‌ನಲ್ಲಿ ಹುಡುಕುವುದು ಆ ಹೆಸರನ್ನೇ. ಮೊದಲ ಸಲ ಬಂದಾಗ ‘ಬಂದಲ್ಲಿಗೇ ತಿರುಗಿ ಕಳಿಸುವುದು’ ಎಂದು ವಿವರಣೆ ಕೊಡುತ್ತೇನೆ, ಆ ಮಾತು ಬರೆದವರಿಗೆ ವಿಶೇಷ ಧನ್ಯವಾದ. ಪಟ್ಟಿಗೆ ಇಳಿಪಟ್ಟಿ.

ಇನ್ನೊಂದೇ ಅನುಮಾನ. ಆರಿಸಿ ಅಂದರೆ ದೀಪ ಆರಿಸಿ ಅಂತಲೂ ಆಗುತ್ತದಲ್ಲ, ಆಯ್ಕೆಮಾಡಿ ಅನ್ನಲೇ?

———

ಬೇಡ. ಆರಿಸಿ ಸಾಕು. ಚುನಾವಣೆಯಲ್ಲಿ ಯಾರನ್ನು ಆರಿಸಬೇಕು ಅಂದರೆ ಯಾರಿಗೂ ದೀಪ ನೆನಪಾಗುವುದಿಲ್ಲ.

ವಾಕ್ಯ ಒಪ್ಪಿದೆ. ‘ಹೊಸದಾಗಿ’ ಬದಲು ‘ಮತ್ತೆ’ ಹಾಕಿ. ಪುಟ ಹಳೆಯದೇ.

———

ಸೂಚನೆಯನ್ನು ಪಟ್ಟಿಯ ಕೆಳಗೆ ಹಾಕಬೇಡಿ ಮೇಡಂ, ಮೇಲೆಯೇ ಇರಲಿ, ಕೋಡ್‌ನಲ್ಲೂ ಪಟ್ಟಿಗಿಂತ ಮೊದಲೇ ಬರಲಿ. ಸ್ಕ್ರೀನ್ ರೀಡರ್ ಓದುವುದು ಆ ಕ್ರಮದಲ್ಲಿ. ಸಾಧ್ಯವಾದರೆ ಆಟೋಪೋಸ್ಟ್‌ಬ್ಯಾಕ್ ತೆಗೆದು, ಪಕ್ಕದಲ್ಲಿ ‘ತಾಲೂಕು ತೋರಿಸಿ’ ಅಂತ ಒಂದು ಬಟನ್ ಇಡಲು ಅವರಿಗೆ ಹೇಳಿ ನೋಡಿ. ಆಗ ಈ ಸೂಚನೆಯೇ ಬೇಕಾಗುವುದಿಲ್ಲ.